ವಿಪಿಎನ್ ಕನೆಕ್ಟ್ ಆಗ್ತಿಲ್ವಾ? ಊರಲ್ಲೇ ಕೂತು ಆಫೀಸ್ ಕೆಲಸ ಮಾಡೋರು ಮೊದಲು ನೋಡಬೇಕಾದ್ದು ಇಲ್ಲಿದೆ

ಬೆಳಿಗ್ಗೆ ಒಂಬತ್ತೂವರೆಗೆ ಲಾಗಿನ್ ಆಗಬೇಕು. ಲ್ಯಾಪ್‌ಟಾಪ್ ಆನ್ ಇದೆ, ವೈಫೈ ಫುಲ್ ಇದೆ, ಯೂಟ್ಯೂಬ್ ಓಡ್ತಿದೆ. ಆದ್ರೆ ಆಫೀಸಿನ ವಿಪಿಎನ್ ಮಾತ್ರ 'ಕನೆಕ್ಟಿಂಗ್' ಅಂತ ಸುತ್ತುತ್ತಲೇ ಇದೆ. ಹತ್ತು ಗಂಟೆ ಆದ್ರೆ ಹಾಫ್ ಡೇ, ಮಧ್ಯಾಹ್ನ ಆದ್ರೆ ಇಡೀ ದಿನದ ಸಂಬಳ ಕಟ್. ತಿಂಗಳಲ್ಲಿ ಮೂರು ಸಲ ಹಿಂಗಾದ್ರೆ 'ಬೆಂಗಳೂರಿಗೆ ವಾಪಸ್ ಬಂದುಬಿಡಿ' ಅನ್ನೋ ಮೇಲ್.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಈ ಸಮಸ್ಯೆ ಶುರುವಾಗಿದ್ದು 2020ರ ಮಾರ್ಚ್‌ನಿಂದ. ಅದಕ್ಕೂ ಮೊದಲು ಬಿಪಿಒ, ಕಾಲ್ ಸೆಂಟರ್‌ನೋರು ಸಿಬ್ಬಂದಿಯನ್ನ ಮನೆಯಿಂದ ಕೆಲಸಕ್ಕೆ ಕೂರಿಸಬೇಕಂದ್ರೆ ದೂರಸಂಪರ್ಕ ಇಲಾಖೆಗೆ ಭದ್ರತಾ ಠೇವಣಿ ಇಟ್ಟು ಅನುಮತಿ ತಗೋಬೇಕಿತ್ತು. 2020ರ ಮಾರ್ಚ್ 13ರಂದು ಇಲಾಖೆ ಅದನ್ನ ಸಡಿಲಿಸಿತು, ನವೆಂಬರ್ 5ರ ಹೊಸ ಮಾರ್ಗಸೂಚಿಯಲ್ಲಿ ನಿಯಮಗಳನ್ನೇ ಬಹುಪಾಲು ತೆಗೆದುಹಾಕಿತು. ಹಂಗಾಗಿ ಬೆಂಗಳೂರಿನಿಂದ ಬಸ್ ಹತ್ತಿ ಬಂದವರಲ್ಲಿ ಒಂದಷ್ಟು ಜನ ಇಲ್ಲೇ ಉಳಿದರು. ಹೊಲ ನೋಡ್ಕೊಂಡು, ಅಪ್ಪ ಅಮ್ಮನ ಜೊತೆ ಇದ್ದು ದುಡಿಯೋಕೆ ಆಗ್ತಿರೋದು ಒಂದು ವಿಪಿಎನ್ ಲೈನ್ ಮೇಲೆ.

ಇದು ಐಟಿ ಹುಡುಗರಿಗೆ ಮಾತ್ರ ಸೇರಿದ ವಿಷಯ ಅಲ್ಲ. ಆಡಿಟರ್ ಆಫೀಸಿನ ಟ್ಯಾಲಿಗೆ ಅಂಗಡಿಯಿಂದಲೇ ಕೂತು ಎಂಟ್ರಿ ಮಾಡೋರು, ದಾವಣಗೆರೆಯ ಡಿಸ್ಟ್ರಿಬ್ಯೂಟರ್ ಸರ್ವರ್‌ಗೆ ಸ್ಟಾಕ್ ಹಾಕೋರು, ಇವರೆಲ್ಲ ಬಳಸೋದೂ ಇದನ್ನೇ.

ವಿಪಿಎನ್ ಅಂದ್ರೆ ಏನು ಅಂತ ಎರಡೇ ಮಾತಲ್ಲಿ

ನಿಮ್ಮ ಮನೆಯಿಂದ ಆಫೀಸಿನವರೆಗೆ ಇಂಟರ್ನೆಟ್ ಒಳಗೇ ಕೊರೆದ ಸುರಂಗ. ಒಳಗೆ ಹೋಗೋದು ಹೊರಗಿನವರಿಗೆ ಕಾಣಲ್ಲ. ಸುರಂಗದ ಆ ತುದಿ ಕಂಪನಿಯದ್ದು, ಈ ತುದಿ ನಿಮ್ಮ ಲ್ಯಾಪ್‌ಟಾಪ್, ನಡುವಿನ ದಾರಿ ಮಾತ್ರ ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಅಥವಾ ಕೇಬಲ್‌ನೋರದ್ದು. ತೊಂದರೆ ಈ ಮೂರರಲ್ಲಿ ಒಂದು ಕಡೆ ಇರುತ್ತೆ. ಎಲ್ಲಿ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ಗೊತ್ತಾಗದಿದ್ರೆ ಕಂಪನಿ ಹೆಲ್ಪ್‌ಡೆಸ್ಕ್‌ನೋರು 'ನಿಮ್ ಇಂಟರ್ನೆಟ್ ಸರಿ ಇಲ್ಲ' ಅಂತಾರೆ, ಇಂಟರ್ನೆಟ್‌ನೋರು 'ಸ್ಪೀಡ್ ಬರ್ತಾ ಐತಲ್ರೀ, ನಿಮ್ ಕಂಪನಿಯೋರ್ನ ಕೇಳ್ರಿ' ಅಂತಾರೆ. ಇಬ್ಬರ ನಡುವೆ ದಿನ ಮುಗಿಯುತ್ತೆ.

ಮೊದಲ ಪರೀಕ್ಷೆ: ಮೊಬೈಲ್ ಹಾಟ್‌ಸ್ಪಾಟ್

ಏನೂ ಬಿಚ್ಚೋಕೆ, ರೀಇನ್‌ಸ್ಟಾಲ್ ಮಾಡೋಕೆ ಹೋಗಬೇಡಿ. ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ, ವಿಪಿಎನ್ ಒತ್ತಿ. ಕನೆಕ್ಟ್ ಆಯ್ತು ಅಂದ್ರೆ ಲ್ಯಾಪ್‌ಟಾಪೂ ಸರಿ, ಪಾಸ್‌ವರ್ಡೂ ಸರಿ, ಕಂಪನಿಯೂ ಸರಿ. ತಪ್ಪು ಮನೆಯ ಲೈನ್ ಅಥವಾ ರೂಟರ್‌ನಲ್ಲಿ. ಹಾಟ್‌ಸ್ಪಾಟ್‌ನಲ್ಲೂ ಆಗದಿದ್ರೆ ಲ್ಯಾಪ್‌ಟಾಪ್ ಅಥವಾ ಕಂಪನಿ ಕಡೆ ನೋಡಬೇಕು. ಆಗ ಅದೇ ಟೀಮಿನ ಇನ್ನೊಬ್ಬರಿಗೆ ಫೋನ್ ಮಾಡಿ 'ನಿಂಗೆ ಆಗ್ತಿದೆಯಾ' ಅಂತ ಕೇಳಿ. ಅವರಿಗೂ ಆಗ್ತಿಲ್ಲ ಅಂದ್ರೆ ಸುಮ್ಮನೆ ಟಿಕೆಟ್ ಹಾಕಿ ಟೀ ಕುಡೀರಿ.

ಎರಡನೇ ನೆಟ್‌ವರ್ಕ್ ಬೇರೆ ಕಂಪನಿಯದ್ದಾಗಿರಲಿ. ಮನೆಗೆ ಜಿಯೋ ಏರ್‌ಫೈಬರ್, ಕೈಯಲ್ಲಿ ಜಿಯೋ ಸಿಮ್ ಅಂದ್ರೆ ಎರಡೂ ಒಂದೇ ದಾರಿಯಲ್ಲಿ ಹೋಗೋ ಸಾಧ್ಯತೆ ಹೆಚ್ಚು, ಪರೀಕ್ಷೆಗೆ ಬೆಲೆ ಇರಲ್ಲ.

ಇಂಟರ್ನೆಟ್ಟೇ ಇಲ್ಲದಾಗ

ಫೈಬರ್ ಇರೋ ಮನೆಯಲ್ಲಿ ಗೋಡೆಗೆ ಹಾಕಿರೋ ಪೆಟ್ಟಿಗೆ ನೋಡಿ. 'ಎಲ್‌ಒಎಸ್' ಅನ್ನೋ ದೀಪ ಕೆಂಪಾಗಿದ್ರೆ ಬೆಳಕಿನ ಸಿಗ್ನಲ್ ಬರ್ತಿಲ್ಲ ಅಂತ ಅರ್ಥ. ಎಲ್ಲೋ ಕೇಬಲ್ ತುಂಡಾಗಿದೆ, ಬಾಗಿದೆ, ಇಲ್ಲಾ ಕನೆಕ್ಟರ್ ಸಡಿಲಾಗಿದೆ. ರೂಟರ್ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದ್ರೂ ಇದು ಸರಿಯಾಗಲ್ಲ, ಲೈನ್‌ಮನ್ನೇ ಬರಬೇಕು. ನೀರಿನ ಪೈಪ್‌ಗೆ, ರಸ್ತೆ ಅಗಲೀಕರಣಕ್ಕೆ ಜೆಸಿಬಿ ಗುಂಡಿ ತೋಡಿದ ದಿನ ಓಣಿ ಓಣಿಯೇ ಕೆಂಪು ದೀಪ. 'ಪಾನ್' ದೀಪ ಮಿಣುಕ್ತಾ ಇದ್ರೆ ಪೆಟ್ಟಿಗೆ ಎಕ್ಸ್‌ಚೇಂಜ್ ಜೊತೆ ಹೊಂದಿಕೊಳ್ಳೋಕೆ ಒದ್ದಾಡ್ತಿದೆ ಅಂತ.

ಕರೆಂಟ್ ಹೋದಾಗ ನೆಟ್ ಹೋಗೋದು ಎರಡು ರೀತಿ. ಮನೆಯ ಪೆಟ್ಟಿಗೆಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಹಾಕಿದ್ರೆ ಮನೆ ಮಟ್ಟಿಗೆ ಸರಿಹೋಗುತ್ತೆ. ಕಂಬದ ಮೇಲಿರೋ ಫೈಬರ್ ಸ್ಪ್ಲಿಟರ್‌ಗೆ ಕರೆಂಟೇ ಬೇಕಿಲ್ಲ, ಅದು ಬೆಳಕನ್ನ ಹಂಚೋ ಗಾಜಿನ ತುಂಡು. ಆದ್ರೆ ಎಕ್ಸ್‌ಚೇಂಜ್‌ನಲ್ಲಿರೋ ಯಂತ್ರಕ್ಕೆ ಕರೆಂಟ್ ಬೇಕು. ಅಲ್ಲಿ ಬ್ಯಾಟರಿ ಸತ್ತಿದ್ರೆ ನಿಮ್ಮ ಯುಪಿಎಸ್ ಏನೂ ಮಾಡಲಾರದು. ಹೊಸ ಕನೆಕ್ಷನ್ ತಗೊಳ್ಳೋ ಮೊದಲು ಪಕ್ಕದ ಮನೆಯವರನ್ನ 'ಕರೆಂಟ್ ಹೋದಾಗ ನಿಮ್ದು ಎಷ್ಟೊತ್ತು ನಿಲ್ಲುತ್ತೆ' ಅಂತ ಕೇಳೋದು ಸ್ಪೀಡ್ ಕೇಳೋದಕ್ಕಿಂತ ಮುಖ್ಯ.

ಇನ್ನೊಂದು, ಕಲ್ಲುಗೋಡೆಯ ಹಳೆ ಮನೆಗಳು. 5 ಗಿಗಾಹರ್ಟ್ಸ್ ವೈಫೈ ದಪ್ಪ ಗೋಡೆ ದಾಟೋದು ಕಷ್ಟ. ಪಡಸಾಲೆಯಲ್ಲಿ ರೂಟರ್, ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇದ್ರೆ ಯೂಟ್ಯೂಬ್ ಬಫರ್ ಮಾಡ್ಕೊಂಡು ಹೆಂಗೋ ಓಡುತ್ತೆ, ವಿಪಿಎನ್ ಮಾತ್ರ ಕಡಿದು ಕಡಿದು ಬೀಳುತ್ತೆ. 2.4 ಗಿಗಾಹರ್ಟ್ಸ್‌ಗೆ ಬದಲಿಸಿ. ಅದಕ್ಕಿಂತ ಒಳ್ಳೇದು ಒಂದು ಲ್ಯಾನ್ ಕೇಬಲ್ ಎಳೆಯೋದು.

ಗಡಿಯಾರ ತಪ್ಪಿದ್ರೆ ಬಾಗಿಲು ತೆರೆಯಲ್ಲ

ಯಾರೂ ನೋಡದ ಕಾರಣ ಇದು. ವಿಪಿಎನ್ ಕನೆಕ್ಟ್ ಆಗುವಾಗ ಕಂಪನಿಯ ಸರ್ವರ್ ಒಂದು ಸರ್ಟಿಫಿಕೇಟ್ ತೋರಿಸುತ್ತೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ನಿಮ್ಮ ಕಂಪ್ಯೂಟರಿನ ದಿನಾಂಕ ಹಿಂದೆ ಇದ್ರೆ 'ಈ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ' ಅಂತ ಅದು ನಿರಾಕರಿಸುತ್ತೆ. ಹಳೆ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್ ಮೇಲೆ ಸಿಆರ್2032 ಅನ್ನೋ ನಾಣ್ಯದಂಥ ಸೆಲ್ ಇರುತ್ತೆ. ಅದು ಸತ್ತಿದ್ರೆ ಕರೆಂಟ್ ಹೋಗಿ ಬಂದ ಪ್ರತಿ ಸಲ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತೆ. ಗಡಿಯಾರದ ಅಂಗಡಿಯಲ್ಲಿ ಸಿಗೋ ಸೆಲ್ ಅದು. ಅಂಗಡಿ ಲೆಕ್ಕದ ಹಳೆ ಕಂಪ್ಯೂಟರ್ 'ವಾರಕ್ಕೊಮ್ಮೆ ವಿಪಿಎನ್ ಕೈ ಕೊಡ್ತದೆ' ಅನ್ನೋರು ಮೊದಲು ಕೆಳಗಿನ ಮೂಲೆಯ ತಾರೀಖು ನೋಡಲಿ.

ಮೊಬೈಲ್ ಆ್ಯಪ್‌ನಲ್ಲಿ ಬರೋ ಆರಂಕಿ ಕೋಡೂ ಗಡಿಯಾರದ ಮೇಲೇ ನಿಂತಿದೆ. ಅದು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತೆ. ಫೋನಿನ ಟೈಮ್ ಒಂದೆರಡು ನಿಮಿಷ ಹೆಚ್ಚು ಕಮ್ಮಿ ಇದ್ರೆ ಕೋಡ್ ಸರಿಯಾಗಿ ಹಾಕಿದ್ರೂ ತಪ್ಪು ಅಂತಲೇ ಬರುತ್ತೆ. ಫೋನಲ್ಲೂ ಲ್ಯಾಪ್‌ಟಾಪಲ್ಲೂ 'ಆಟೋಮ್ಯಾಟಿಕ್ ಟೈಮ್' ಆನ್ ಇರಲಿ.

ಪಾಸ್‌ವರ್ಡ್

ವಿಂಡೋಸ್‌ನ ಸ್ವಂತ ವಿಪಿಎನ್‌ನಲ್ಲಿ 691 ಅಂತ ಎರರ್ ಬಂದ್ರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಐದಾರು ಸಲ ಒತ್ತಬೇಡಿ, ಅಕೌಂಟ್ ಲಾಕ್ ಆಗುತ್ತೆ. ಪಾಸ್‌ವರ್ಡ್ ಅವಧಿ ಮುಗಿದಿದ್ರೆ ಪಜೀತಿ: ಬದಲಿಸೋಕೆ ಆಫೀಸ್ ನೆಟ್‌ವರ್ಕ್ ಬೇಕು, ನೆಟ್‌ವರ್ಕ್‌ಗೆ ಹೋಗೋಕೆ ವಿಪಿಎನ್ ಬೇಕು, ವಿಪಿಎನ್‌ಗೆ ಹೊಸ ಪಾಸ್‌ವರ್ಡ್ ಬೇಕು. ಅವಧಿ ಮುಗಿಯೋ ವಾರ ಮೊದಲೇ ವಿಪಿಎನ್ ಆನ್ ಇದ್ದಾಗ ಬದಲಿಸಿಕೊಂಡುಬಿಡಿ.

ಲೈನ್ ಸರಿ ಇದೆ, ಆದ್ರೂ ಕನೆಕ್ಟ್ ಆಗಲ್ಲ

ಹಳ್ಳಿ ಪಟ್ಟಣಗಳಲ್ಲಿ ಹೆಚ್ಚು ತಲೆ ತಿನ್ನೋದು ಇದು. ಇಂಟರ್ನೆಟ್ ವಿಳಾಸಗಳು ಸಾಲದೆ ಕಂಪನಿಗಳು ನೂರಾರು ಮನೆಗೆ ಒಂದೇ ಹೊರ ವಿಳಾಸ ಹಂಚಿ ಕೊಡ್ತವೆ. ಇದಕ್ಕೆ ಸಿಜಿನ್ಯಾಟ್ ಅಂತಾರೆ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಶುರುವಾಗಿದ್ರೆ ನೀವೂ ಆ ಗುಂಪಿನಲ್ಲಿದ್ದೀರಿ. ಅದರ ಕೆಳಗೆ ಮನೆಯಲ್ಲಿ ಎರಡು ರೂಟರ್ (ಕಂಪನಿ ಕೊಟ್ಟ ಪೆಟ್ಟಿಗೆ ಒಂದು, ನೀವು ತಂದು ಸೇರಿಸಿದ್ದು ಇನ್ನೊಂದು) ಇದ್ರೆ ವಿಳಾಸ ಮೂರು ಸಲ ಬದಲಾಗಿ ಹೊರಗೆ ಹೋಗುತ್ತೆ. ವೆಬ್‌ಸೈಟ್ ನೋಡೋಕೆ ಇದರಿಂದ ಏನೂ ತೊಂದರೆ ಇಲ್ಲ. ಕೆಲವು ಜಾತಿಯ ವಿಪಿಎನ್ ಮಾತ್ರ ಇದನ್ನ ತಡ್ಕೊಳ್ಳಲ್ಲ.

ಹಳೆ ಪಿಪಿಟಿಪಿ ವಿಪಿಎನ್ ಜಿಆರ್‌ಇ ಅನ್ನೋ ಬೇರೆಯದೇ ದಾರಿ ಕೇಳುತ್ತೆ, ಎಷ್ಟೋ ರೂಟರ್ ಅದನ್ನ ಬಿಡಲ್ಲ. ಅದು ಸುರಕ್ಷಿತವೂ ಅಲ್ಲ, ಇನ್ನೂ ಬಳಸ್ತಿರೋ ಆಫೀಸ್ ಇದ್ರೆ ಬಿಡೋದೇ ವಾಸಿ. ಎಲ್2ಟಿಪಿ, ಐಪಿಸೆಕ್ ಮಾದರಿಯವಕ್ಕೆ ಯುಡಿಪಿ 500 ಮತ್ತು 4500ನೇ ಪೋರ್ಟ್ ತೆರೆದಿರಬೇಕು. ವಿಂಡೋಸ್‌ನಲ್ಲಿ 809 ಎರರ್ ಬಂದ್ರೆ ಸಾಮಾನ್ಯವಾಗಿ ಈ ದಾರಿ ಮುಚ್ಚಿದೆ ಅಂತ. ಎಲ್2ಟಿಪಿಯಲ್ಲಿ ಇನ್ನೊಂದು ವಿಚಿತ್ರ ಇದೆ: ಅಣ್ಣ ತಂಗಿ ಇಬ್ಬರೂ ಒಂದೇ ಕಂಪನಿ, ಒಂದೇ ಮನೆ ವೈಫೈ ಅಂದ್ರೆ ಒಬ್ಬರು ಕನೆಕ್ಟ್ ಆದ್ರೆ ಇನ್ನೊಬ್ಬರು ಬಿದ್ದುಹೋಗ್ತಾರೆ. ಜಗಳ ಆಡಿ ಪ್ರಯೋಜನ ಇಲ್ಲ, ಒಬ್ಬರು ಹಾಟ್‌ಸ್ಪಾಟ್‌ಗೆ ಹೋಗಬೇಕು. ಓಪನ್‌ವಿಪಿಎನ್ ಸಾಮಾನ್ಯವಾಗಿ ಯುಡಿಪಿ 1194, ವೈರ್‌ಗಾರ್ಡ್ 51820 ಬಳಸ್ತವೆ.

ಎಲ್ಲಕ್ಕಿಂತ ಸುಲಭವಾಗಿ ದಾಟೋದು 443ನೇ ಪೋರ್ಟ್ ಮೇಲೆ ಹೋಗೋ ಎಸ್‌ಎಸ್‌ಎಲ್ ವಿಪಿಎನ್. ಬ್ಯಾಂಕಿನ ವೆಬ್‌ಸೈಟೂ 443ರಲ್ಲೇ ಬರೋದು, ಹಂಗಾಗಿ ಅದನ್ನ ಯಾವ ಕೇಬಲ್‌ನೋರೂ ಮುಚ್ಚಲ್ಲ. ಆದ್ದರಿಂದ ಹೆಲ್ಪ್‌ಡೆಸ್ಕ್‌ಗೆ 'ವಿಪಿಎನ್ ಆಗ್ತಿಲ್ಲ ಸರ್' ಅನ್ನೋ ಬದಲು 'ನಮ್ಮ ಲೈನಲ್ಲಿ ಯುಡಿಪಿ ಹೋಗ್ತಿಲ್ಲ ಅನ್ಸುತ್ತೆ, 443 ಟಿಸಿಪಿ ಪ್ರೊಫೈಲ್ ಇದ್ರೆ ಕೊಡಿ' ಅಂತ ಕೇಳಿ. ಮಾತಿನ ಧಾಟಿಯೇ ಬದಲಾಗುತ್ತೆ. ಮನೆಯಲ್ಲಿ ಎರಡು ರೂಟರ್ ಇದ್ರೆ ಎರಡನೆಯದನ್ನ 'ಬ್ರಿಡ್ಜ್' ಅಥವಾ 'ಆ್ಯಕ್ಸೆಸ್ ಪಾಯಿಂಟ್' ಮೋಡ್‌ಗೆ ಹಾಕಿಸಿ, ಲೈನ್‌ಮನ್‌ಗೆ ಹತ್ತು ನಿಮಿಷದ ಕೆಲಸ. 868 ಎರರ್ ಬಂದ್ರೆ ವಿಪಿಎನ್ ಸರ್ವರ್‌ನ ಹೆಸರೇ ಸಿಕ್ತಿಲ್ಲ ಅಂತ ಅರ್ಥ. ಕಾಗುಣಿತ ನೋಡಿ, ಸರಿ ಇದ್ರೆ ಡಿಎನ್‌ಎಸ್ 8.8.8.8 ಅಥವಾ 1.1.1.1ಕ್ಕೆ ಬದಲಿಸಿ ನೋಡಿ.

ಕನೆಕ್ಟ್ ಆಗುತ್ತೆ, ಏನೂ ತೆರೆಯಲ್ಲ

ಹಸಿರು ಬಂತು, 'ಕನೆಕ್ಟೆಡ್' ಅಂತಲೂ ಬಂತು. ಮೇಲ್‌ನಲ್ಲಿ ಚಿಕ್ಕ ಸಂದೇಶ ಬರುತ್ತೆ, ಅಟ್ಯಾಚ್‌ಮೆಂಟ್ ಬರಲ್ಲ. ಆಫೀಸ್ ಪುಟ ಅರ್ಧ ಬಂದು ನಿಲ್ಲುತ್ತೆ. ಇದು ಎಂಟಿಯು ತೊಂದರೆ ಇರಬಹುದು. ಇಂಟರ್ನೆಟ್‌ನಲ್ಲಿ ಮಾಹಿತಿ ಹೋಗೋದು ತುಂಡು ತುಂಡಾಗಿ, ಒಂದು ತುಂಡಿಗೆ ಗರಿಷ್ಠ 1500 ಬೈಟ್. ಯೂಸರ್‌ನೇಮ್ ಹಾಕಿ ಡಯಲ್ ಆಗೋ ಪಿಪಿಪಿಒಇ ಲೈನ್‌ನಲ್ಲಿ ಅದು 1492. ವಿಪಿಎನ್ ತನ್ನ ಹೊದಿಕೆ ಬೇರೆ ಸೇರಿಸುತ್ತೆ. ಎತ್ತರಕ್ಕೆ ಹುಲ್ಲು ಹೇರಿದ ಬಂಡಿ ಊರ ಅಗಸೆ ಬಾಗಿಲಲ್ಲಿ ಸಿಕ್ಕಿಕೊಂಡಂಗೆ ದೊಡ್ಡ ತುಂಡು ಅಲ್ಲೇ ನಿಲ್ಲುತ್ತೆ, ಚಿಕ್ಕದು ದಾಟುತ್ತೆ.

ನೋಡೋದು ಹೀಗೆ: ವಿಪಿಎನ್ ಆಫ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆಗೆದು, ಪಿಂಗ್ ಜೊತೆ ಹೈಫನ್ ಎಫ್, ಹೈಫನ್ ಎಲ್ 1472, ಆಮೇಲೆ 1.1.1.1 ಅಂತ ಇಂಗ್ಲಿಷ್‌ನಲ್ಲಿ ಹಾಕಿ. ಉತ್ತರ ಬಂದ್ರೆ ಲೈನ್ ಪೂರ್ತಿ 1500 ಬಿಡ್ತಿದೆ (1472ಕ್ಕೆ ತಲೆಬರಹದ 28 ಸೇರಿ). ಬರದಿದ್ರೆ 1464, 1452 ಅಂತ ಇಳಿಸ್ತಾ ಹೋಗಿ. ಎಲ್ಲಿ ಉತ್ತರ ಬಂತೋ ಆ ಅಂಕಿ ಹೆಲ್ಪ್‌ಡೆಸ್ಕ್‌ಗೆ ಕೊಡಿ, ಅವರು ವಿಪಿಎನ್ ಎಂಟಿಯು 1350ಕ್ಕೋ 1300ಕ್ಕೋ ಇಳಿಸಿದ್ರೆ ಸಾಮಾನ್ಯವಾಗಿ ಅಲ್ಲಿಗೆ ಮುಗೀತು.

ಟ್ಯಾಲಿ ಬಳಸೋ ಅಂಗಡಿಯವರಿಗೆ ಹೆಚ್ಚಾಗಿ ಬರೋದು ಮತ್ತೊಂದು, ವಿಳಾಸದ ಡಿಕ್ಕಿ. ಆಡಿಟರ್ ಆಫೀಸಿನ ಸರ್ವರ್ 192.168.1.10, ನಿಮ್ಮ ಅಂಗಡಿಯ ರೂಟರ್ ಕೊಡೋ ವಿಳಾಸಗಳೂ 192.168.1ರಿಂದಲೇ ಶುರು. ಆಗ ಕಂಪ್ಯೂಟರ್ ಆ ಸರ್ವರನ್ನ ಸುರಂಗದಾಚೆ ಹುಡುಕಲ್ಲ, ಅಂಗಡಿಯಲ್ಲೇ ಹುಡುಕುತ್ತೆ. ಕೊಟ್ಟೂರಲ್ಲಿ ಒಂದೇ ಓಣಿಗೆ ನಾಲ್ಕು ಜನ ಕೊಟ್ರೇಶಿ ಇದ್ದಾಗ ಕೊರಿಯರ್ ಹುಡುಗನ ಪಾಡು ನೆನಪಿಸಿಕೊಳ್ಳಿ. ಪರಿಹಾರ ಸುಲಭ: ಅಂಗಡಿ ರೂಟರ್‌ನ ಲ್ಯಾನ್ ವಿಳಾಸ 192.168.77.1 ಅಂತ ಬದಲಿಸಿ. ಜಿಯೋ ಪೆಟ್ಟಿಗೆಗಳು ಸಾಮಾನ್ಯವಾಗಿ 192.168.29ರಲ್ಲಿ ಇರೋದ್ರಿಂದ ಅಲ್ಲಿ ಈ ತಾಪತ್ರಯ ಕಮ್ಮಿ. ಬದಲಿಸಿದ ಮೇಲೆ ಪ್ರಿಂಟರ್, ಸಿಸಿಟಿವಿಗೆ ಹಳೆ ವಿಳಾಸ ಕೈಯಾರೆ ಹಾಕಿದ್ರೆ ಅವನ್ನೂ ಬದಲಿಸಬೇಕು, ಮರೀಬೇಡಿ.

ವಿಪಿಎನ್ ಆನ್ ಮಾಡಿದಾಗ ಅಂಗಡಿ ಪ್ರಿಂಟರ್ ಬಿಲ್ ಕೊಡಲ್ಲ ಅನ್ನೋದು ಕೆಟ್ಟದ್ದಲ್ಲ, ನಿಯಮ. ಎಲ್ಲ ಸಂಚಾರವನ್ನೂ ಸುರಂಗದೊಳಗೇ ಕಳಿಸೋ ಹಾಗೆ ಆಫೀಸ್‌ನೋರು ಇಟ್ಟಿರ್ತಾರೆ. 'ಲೋಕಲ್ ಲ್ಯಾನ್ ಆ್ಯಕ್ಸೆಸ್' ಕೊಡಿ ಅಂತ ಕೇಳಬಹುದು, ಕೊಡೋದು ಬಿಡೋದು ಅವರಿಷ್ಟ. ಯುಎಸ್‌ಬಿ ಪ್ರಿಂಟರ್‌ಗೆ ಈ ಗೋಜಿಲ್ಲ.

ನಿನ್ನೆವರೆಗೂ ಸರಿ ಇತ್ತು

ಹಿಂಗಂದ್ರೆ ವಿಂಡೋಸ್ ಅಪ್‌ಡೇಟ್ ಮೇಲೂ ಒಂದು ಕಣ್ಣಿರಲಿ. 2022ರ ಜನವರಿ 11ರ ಅಪ್‌ಡೇಟ್ (ವಿಂಡೋಸ್ 10ಕ್ಕೆ ಕೆಬಿ5009543) ಹಾಕಿಕೊಂಡ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಎಲ್2ಟಿಪಿ ವಿಪಿಎನ್ ನಿಂತುಹೋಗಿತ್ತು. ಮೈಕ್ರೋಸಾಫ್ಟ್ ಜನವರಿ 17ಕ್ಕೆ ಸರಿಪಡಿಸಿದ ಅಪ್‌ಡೇಟ್ ಬಿಟ್ಟಿತು. 2024ರ ಏಪ್ರಿಲ್ ಅಪ್‌ಡೇಟ್‌ನಿಂದಲೂ ವಿಪಿಎನ್ ಕೈಕೊಟ್ಟು, ಮೇ 14ರ ಅಪ್‌ಡೇಟ್‌ನಲ್ಲಿ ಸರಿಯಾಯ್ತು. ಎರಡೂ ಸಲ ಲೈನ್ ಬೈದವರು ಕಮ್ಮಿ ಇಲ್ಲ. ಸೆಟ್ಟಿಂಗ್ಸ್‌ನ 'ಅಪ್‌ಡೇಟ್ ಹಿಸ್ಟರಿ'ಯಲ್ಲಿ ತಾರೀಖು ನೋಡಿ, ತೊಂದರೆ ಶುರುವಾದ ದಿನಕ್ಕೆ ಹೊಂದಿದ್ರೆ ಕಂಪನಿಯ ಐಟಿಯವರಿಗೆ ಹೇಳಿ. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಅಪ್‌ಡೇಟ್ ನೀವೇ ತೆಗೆಯೋಕೆ ಹೋಗಬೇಡಿ.

ಸಹಾಯ ಮಾಡ್ತೀನಿ ಅಂತ ಫೋನ್ ಬಂದ್ರೆ

ವಿಪಿಎನ್ ಆಗ್ತಿಲ್ಲ ಅಂತ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕೋದು ದೊಡ್ಡ ಅಪಾಯ. ಆ ಕಡೆಯವರು 'ಎನಿಡೆಸ್ಕ್ ಹಾಕ್ಕೊಳ್ಳಿ, ಒಂಬತ್ತಂಕಿ ನಂಬರ್ ಹೇಳಿ' ಅಂತಾರೆ. ನಂಬರ್ ಕೊಟ್ಟು ಪರ್ಮಿಷನ್ ಒತ್ತಿದ್ರೆ ನಿಮ್ಮ ಪರದೆ ಅವರ ಕೈಗೆ. ಇದೇ ದಾರಿಯಲ್ಲಿ ಬ್ಯಾಂಕ್ ಖಾತೆ ಖಾಲಿ ಮಾಡ್ತಾರೆ ಅಂತ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಆ್ಯಪ್ ಕೆಟ್ಟದ್ದಲ್ಲ, ಗೊತ್ತಿಲ್ಲದವರಿಗೆ ಕೊಟ್ಟ ನಂಬರ್ ಕೆಟ್ಟದ್ದು. ಹೆಲ್ಪ್‌ಡೆಸ್ಕ್ ನಂಬರನ್ನ ಕಂಪನಿ ಮೇಲ್‌ನಿಂದಲೇ ತಗೊಳ್ಳಿ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ವಿಪಿಎನ್ ಪಾಸ್‌ವರ್ಡ್ ಒಂದಿದ್ರೆ ಸಾಕು ಅನ್ನೋ ಕಂಪನಿಗೆ ಕೆಲಸ ಮಾಡೋರು ಇದನ್ನೂ ತಿಳ್ಕೊಳ್ಳಿ. 2021ರ ಮೇನಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಇಂಧನ ಸರಬರಾಜು ದಿನಗಟ್ಟಲೆ ನಿಂತಿದ್ದು ಬಳಕೆಯಲ್ಲಿಲ್ಲದ ಒಂದು ಹಳೆ ವಿಪಿಎನ್ ಅಕೌಂಟ್‌ನಿಂದ ಕಳ್ಳರು ಒಳಗೆ ಬಂದದ್ದರಿಂದ. ಅದಕ್ಕೆ ಎರಡನೇ ಕೋಡ್ ಇರಲಿಲ್ಲ. ಅದೇ ರೀತಿ ವಿಪಿಎನ್ ಕಿರಿಕಿರಿ ಅಂತ ಅಂಗಡಿ ಸರ್ವರ್‌ನ ರಿಮೋಟ್ ಡೆಸ್ಕ್‌ಟಾಪ್ (3389ನೇ ಪೋರ್ಟ್) ನೇರ ಇಂಟರ್ನೆಟ್‌ಗೆ ತೆರೆದಿಡೋರು ಇದ್ದಾರೆ. ಬೀದಿಗೆ ಗಲ್ಲಾಪೆಟ್ಟಿಗೆ ಇಟ್ಟಂಗೆ ಅದು. ಅಂಗಡಿಗೆ ಹೊರಗಿನಿಂದ ಬರಬೇಕಂದ್ರೆ ಸ್ಟ್ಯಾಟಿಕ್ ಐಪಿ ತಗೊಂಡು ವಿಪಿಎನ್ ಮೂಲಕವೇ ಬನ್ನಿ.

ವಿಪಿಎನ್ ಬಳಸೋದು ಕಾನೂನುಬಾಹಿರ ಅಂತ ಸುದ್ದಿ ಹಬ್ಬಿದ್ದು 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶದ ನಂತರ. ಆ ಆದೇಶ ಸಾರ್ವಜನಿಕರಿಗೆ ವಿಪಿಎನ್ ಮಾರೋ ಕಂಪನಿಗಳು ಗ್ರಾಹಕರ ವಿವರವನ್ನ 5 ವರ್ಷ ಇಟ್ಟುಕೊಳ್ಳಬೇಕು ಅನ್ನುತ್ತೆ. ಆಫೀಸಿನ ಸ್ವಂತ ವಿಪಿಎನ್‌ಗೆ ಇದು ಅನ್ವಯಿಸಲ್ಲ ಅಂತ ಸರ್ಟ್-ಇನ್ ಆಮೇಲೆ ಸ್ಪಷ್ಟಪಡಿಸಿದೆ.

ದೂರು ಕೊಡೋ ಕ್ರಮ

ಕಂಪನಿಗೆ ಬರೆಯುವಾಗ ಸಮಯ, ಎರರ್‌ನ ಫೋಟೊ, ಯಾವ ಲೈನ್, ಹಾಟ್‌ಸ್ಪಾಟ್‌ನಲ್ಲಿ ಆಯ್ತೋ ಇಲ್ಲವೋ, ಇಷ್ಟು ಮೊದಲ ಮೇಲ್‌ನಲ್ಲೇ ಇರಲಿ. ಮೇಲ್ ಬೆಳಿಗ್ಗೆಯೇ ಹೋಗಿರಬೇಕು, ಸಂಬಳ ಕಟ್ ಆದಾಗ ಕೈಯಲ್ಲಿರೋ ದಾಖಲೆ ಅದೊಂದೇ.

ಇಂಟರ್ನೆಟ್‌ನೋರಿಗೆ ಲೈನ್‌ಮನ್ ಮೊಬೈಲ್‌ಗೆ ಮಾತ್ರ ಫೋನ್ ಮಾಡಿದ್ರೆ ಅದು ದೂರು ಅನ್ನಿಸಿಕೊಳ್ಳಲ್ಲ. ಕಸ್ಟಮರ್ ಕೇರ್‌ನಲ್ಲಿ ದಾಖಲಿಸಿ ಡಾಕೆಟ್ ನಂಬರ್ ತಗೊಳ್ಳಿ. ಟ್ರಾಯ್‌ನ 2012ರ ನಿಯಮದ ಪ್ರಕಾರ, ಪರಿಹಾರ ಸಿಗದಿದ್ರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕ ಇಲ್ಲ. ಅವರು 39 ದಿನದಲ್ಲಿ ತೀರ್ಮಾನ ಕೊಡಬೇಕು. ಡಾಕೆಟ್ ನಂಬರ್ ಇಲ್ಲದಿದ್ರೆ ಈ ದಾರಿ ಯಾವುದೂ ಇಲ್ಲ.

ಮೊಬೈಲ್ ನೆಟ್ ನಂಬಿಕೊಂಡವರಿಗೆ ಕೊನೆಯದಾಗಿ ಒಂದು. ಕೊಟ್ಟೂರು ರಥೋತ್ಸವ, ಮೈಲಾರ ಕಾರ್ಣಿಕ, ಕುರುವತ್ತಿ ಜಾತ್ರೆಯ ದಿನಗಳಲ್ಲಿ ಲಕ್ಷಾಂತರ ಜನ ಸೇರಿದಾಗ ಟವರ್ ತುಂಬಿಹೋಗುತ್ತೆ. ಫೋರ್‌ಜಿ ಚಿಹ್ನೆ ಕಂಡ್ರೂ ವಿಪಿಎನ್ ನಿಲ್ಲಲ್ಲ. ಆ ಎರಡು ಮೂರು ದಿನ ರಜೆ ಹಾಕೋದು, ಇಲ್ಲಾ ಫೈಬರ್ ಇರೋ ನೆಂಟರ ಮನೆಗೆ ಲ್ಯಾಪ್‌ಟಾಪ್ ತಗೊಂಡು ಹೋಗೋದು ಮೊದಲೇ ಗೊತ್ತುಮಾಡಿಕೊಳ್ಳಿ.